ಹದಿನೇಳನೇ ಪ್ರಶ್ನೆ

ಜನವರಿ 19, ಭಾನುವಾರ

ಪ್ರೀತಿಯ ಅತ್ತಿಗೆಗೆ,

ನಿಮ್ಮ ಪೆನ್ಸಿಲ್ ಇನ್ನೂ ಬದುಕಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆರು ತಿಂಗಳು ಕಾಗದ ಬರೆಯದೆ ಕೂತವಳ ಬಗ್ಗೆ ನೀವು ಏನೇನು ಅಂದುಕೊಂಡಿರುತ್ತೀರೋ ನನಗೆ ಗೊತ್ತು. ಅಣ್ಣ ಫೋನ್ ಮಾಡಿದಾಗಲೆಲ್ಲ "ಈ ವಾರ ಬರೀತೀನಿ" ಅಂದೆ, ಅವನು ನಕ್ಕ. ತಲೆಗೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಊರಿನವರದ್ದೆಲ್ಲ ಬರೆದುಕೊಂಡು ತಿರುಗುವವಳಿಗೆ ಮನೆಯವರಿಗೆ ನಾಲ್ಕು ಸಾಲು ಬರೆಯಲು ಪುರುಸೊತ್ತಿಲ್ಲವಾ ಎಂದು ನೀವು ಬೈದದ್ದನ್ನೂ ಒಂದಕ್ಷರ ಬಿಡದೆ ತಲುಪಿಸಿದ. ಬೈಯಿರಿ. ನಿಮ್ಮ ಬೈಗುಳ ಕೇಳಿದರೆ ಹಳೆಯ ಮನೆಯ ಅಡುಗೆಕೋಣೆಯಲ್ಲಿ ಕೂತ ಹಾಗಾಗುತ್ತದೆ. ವಯಸ್ಸಿನಲ್ಲಿ ನೀವು ನನಗಿಂತ ಎರಡು ವರ್ಷ ಚಿಕ್ಕವರು ಎನ್ನುವುದು ನನಗೆ ಯಾವತ್ತೂ ನೆನಪಿರುವುದಿಲ್ಲ.

ಪುರುಸೊತ್ತಿನ ಮಾತೇನೋ ಸುಳ್ಳು. ತಡವಾದದ್ದು ನಿಮ್ಮ ಒಂದು ಪ್ರಶ್ನೆಯಿಂದ. ನಿಮ್ಮ ಜುಲೈ ತಿಂಗಳ ಕಾಗದದಲ್ಲಿ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನಕ್ಕೆ ಇನ್ನೂರು ಚಾದರ ಮಡಚುತ್ತೀರೆಂದು ಬರೆದ ಮೇಲೆ, ಕೊನೆಯಲ್ಲಿ ಹೀಗೆ ಬರೆದಿದ್ದಿರಿ: "ನಿನ್ನ ಅಣ್ಣ ಪೇಪರ್ ಓದಿ ಹೇಳಿದರು. ಕೆಲಸ ಇಲ್ಲದ ಹೆಂಗಸರು ಈ ಏಳನೇ ವಲಯದಲ್ಲೇ ಎಲ್ಲಕ್ಕಿಂತ ಜಾಸ್ತಿಯಂತೆ, ನೂರಕ್ಕೆ ಹದಿನಾಲ್ಕು. ನಿಮ್ಮ ಮೂರನೇ ವಲಯದಲ್ಲಿ ಎಲ್ಲಕ್ಕಿಂತ ಕಡಿಮೆಯಂತೆ, ನೂರಕ್ಕೆ ಮೂರು. ಹಾಗಿದ್ದರೆ ನಾನೂ ಮಗಳೂ ಅಲ್ಲಿ ಕೆಲಸ ಸಿಗದೆ ಇಲ್ಲಿಗೆ ಬಂದದ್ದು ಯಾಕೆ? ನೀನು ಎಣಿಸುವವಳಲ್ಲವಾ, ನೀನೇ ಹೇಳು."

ಅತ್ತಿಗೆ, ಈ ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ನನಗೆ ಕೇಳಿರಲಿಲ್ಲ. ಕೇಳುವ ಕೆಲಸ ನನ್ನದೇ ಆಗಿತ್ತಲ್ಲ. ನಮ್ಮ ಉದ್ಯೋಗ ಸಮೀಕ್ಷೆಯ ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಗೋಡೆಯ ಮೇಲೆ ಒಂದು ರೇಖಾನಕ್ಷೆ ಕಾಣುತ್ತದೆ. ಹೆಂಗಸರ ನಿರುದ್ಯೋಗದ ಗೆರೆ ಎಡಗಡೆ ಹತ್ತೊಂಬತ್ತರಲ್ಲಿ ಶುರುವಾಗಿ, ವರ್ಷ ವರ್ಷವೂ ಜಾರುತ್ತ ಬಲಗಡೆ ಮೂರಕ್ಕೆ ಬಂದು ನಿಂತಿದೆ. ನಮ್ಮ ಮೇಲಧಿಕಾರಿ ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ. ಆ ಗೆರೆಯಲ್ಲಿ ನನ್ನ ಪೆನ್ಸಿಲಿನದ್ದೂ ಒಂದಿಷ್ಟು ಪಾಲಿದೆ ಎಂದು ನಾನೂ ಒಳಗೊಳಗೇ ಬೀಗಿದ್ದೇನೆ. ನಿಮ್ಮ ಕಾಗದ ಬಂದ ಮರುದಿನ ಮೆಟ್ಟಿಲು ಹತ್ತುವಾಗ ಆ ಕಡೆ ನೋಡಲು ಆಗಲಿಲ್ಲ.

ಎಣಿಸುವುದು ಹೇಗೆ ಎಂದು ಹೇಳುತ್ತೇನೆ ಕೇಳಿ. ಹೋದ ವಾರ ಒಂದು ಗಂಟೆಯಾದರೂ ಕೂಲಿಗೆ ದುಡಿದಿದ್ದರೆ ಒಂದನೇ ಕಾಲಂ. ದುಡಿದಿಲ್ಲ, ಆದರೆ ಕೆಲಸ ಹುಡುಕಿದ್ದಾರೆ ಅಂದರೆ ಎರಡನೇ ಕಾಲಂ. ದುಡಿದೂ ಇಲ್ಲ, ಹುಡುಕಿಯೂ ಇಲ್ಲ ಅಂದರೆ ಮೂರನೆಯದು, ಅಂದರೆ ಮನೆಗೆಲಸ. ನಿರುದ್ಯೋಗದ ಲೆಕ್ಕ ಹಾಕುವುದು ಮೊದಲ ಎರಡು ಕಾಲಂ ಇಟ್ಟುಕೊಂಡು ಮಾತ್ರ. ನೂಲಿನ ಗಿರಣಿಯಲ್ಲಿ ನೀವು ಸಂಜೆ ಉರುಳೆಗಳನ್ನು ಎಣಿಸುತ್ತಿದ್ದಿರಲ್ಲ, ತುಂಬಿದ್ದು ಇಷ್ಟು, ಎಳೆ ಹರಿದದ್ದು ಇಷ್ಟು ಎಂದು. ಯಂತ್ರದ ಅಡಿಗೆ ಉರುಳಿಹೋದದ್ದನ್ನು ಯಾರೂ ಎಣಿಸುತ್ತಿರಲಿಲ್ಲ. ನಮ್ಮದೂ ಅದೇ ಕಥೆ.

ಗಿರಣಿ ಮುಚ್ಚಿದ ಮೊದಲ ವರ್ಷ ಹೆಂಗಸರೆಲ್ಲ ಬೀದಿ ಬೀದಿ ಅಲೆದು ಕೆಲಸ ಕೇಳಿದರು, ಗೆರೆ ಹತ್ತೊಂಬತ್ತಕ್ಕೆ ಏರಿತು. ಆಮೇಲೆ ಒಬ್ಬೊಬ್ಬರಾಗಿ ಸುಸ್ತಾಗಿ ಮನೆಗೆ ಹೋದರು, ಗೆರೆ ಇಳಿಯಿತು. ನಿಮ್ಮ ಕಡೆ ಹೊಸ ಕಾರ್ಖಾನೆಗಳು ಬಂದವು. ಸಿಗಬಹುದು ಎನ್ನುವ ಆಸೆಗೆ ಇಲ್ಲಿಂದಲೂ ಹೆಂಗಸರು ಹೊರಟರು, ನೀವೂ ಹೊರಟಿರಿ. ಹುಡುಕುವವರು ಜಾಸ್ತಿಯಾದ್ದರಿಂದ ಅಲ್ಲಿನ ಗೆರೆ ಮೇಲೇರಿತು. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ನಮ್ಮ ಮೂರು ಅನ್ನುವುದು ಕೆಲಸ ಸಿಕ್ಕವರಿಂದ ಬಂದ ಮೂರಲ್ಲ, ಆಸೆ ಬಿಟ್ಟವರಿಂದ ಬಂದದ್ದು. ಇದನ್ನು ಬರೆಯಲು ನನಗೆ ಆರು ತಿಂಗಳು ಬೇಕಾಯಿತು.

ಇನ್ನೊಂದು ಸಮಾಚಾರ. ಬಸ್ ನಿಲ್ದಾಣದ ಪಕ್ಕದಲ್ಲಿ ಹೆಂಗಸರ ಕೆಲಸದ ನೋಂದಣಿ ಕೌಂಟರ್ ಇತ್ತಲ್ಲ, ಗಿರಣಿಯ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನೀವು ಹೋಗುತ್ತಿದ್ದದ್ದು, ಅದನ್ನು ಏಪ್ರಿಲ್‌ನಲ್ಲಿ ಮುಚ್ಚುತ್ತಾರಂತೆ. ಕಾರ್ಖಾನೆಗಳ ಬಡಾವಣೆಗೆ ಹೋಗುವ ಬೆಳಗಿನ ಬಸ್ಸನ್ನೂ ನಿಲ್ಲಿಸುತ್ತಾರೆ. ನೂರಕ್ಕೆ ಮೂರೇ ಜನ ಹುಡುಕುವವರು ಅಂದಮೇಲೆ ಕೌಂಟರ್ ಯಾರಿಗೆ, ಬಸ್ ಯಾರಿಗೆ ಎನ್ನುವುದು ಮೇಲಿನವರ ವಾದ. ಆ ಮೂರನ್ನು ಕೊಟ್ಟದ್ದು ನಾವೇ. ಫೆಬ್ರವರಿಯಲ್ಲಿ ನನ್ನ ಕೊನೆಯ ಸುತ್ತು, ಮಾರ್ಚಿಗೆ ನಿವೃತ್ತಿ. ಹಳೆಯ ಗಿರಣಿಯ ಹಿಂದಿನ ಬೀದಿಗಳು ಈ ಸಲವೂ ನನ್ನ ಪಾಲಿಗೇ ಬಂದಿವೆ.

ಅಣ್ಣನಿಗೆ ಮಂಡಿನೋವಿನ ಎಣ್ಣೆ ಮರೆಯದೆ ಹಚ್ಚಿಕೊಳ್ಳಲು ಹೇಳಿ. ನನ್ನ ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿ ಖಾಯಂ ಆಗಿದ್ದಾಳೆ. ಮೊದಲು ಅತ್ತೆಗೆ ತಿಳಿಸು ಎಂದು ನನ್ನ ತಲೆ ತಿಂದಳು.

ನಿಮ್ಮ ನಾದಿನಿ,
ಪೆನ್ಸಿಲ್


ಮಾರ್ಚ್ 30, ಭಾನುವಾರ

ಪ್ರೀತಿಯ ಅತ್ತಿಗೆಗೆ,

ನಿಮ್ಮ ಉತ್ತರ ಒಂದೇ ವಾರದಲ್ಲಿ ಬಂದಿತ್ತು, ನನ್ನದು ಮತ್ತೆ ಎರಡು ತಿಂಗಳು ತಡ. ಕ್ಷಮೆ ಕೇಳಿ ಕೇಳಿ ಆ ಪದಕ್ಕೇ ಬೇಸರ ಬಂದಿರಬೇಕು. "ಎಣಿಸುವ ರೀತಿ ಗೊತ್ತಾಯ್ತು, ಇನ್ನು ನೀನು ಏನು ಮಾಡ್ತೀಯ ಅದನ್ನು ಬರಿ" ಎಂದಿದ್ದಿರಿ. ಏನಾದರೂ ಮಾಡಿದ ಮೇಲೆ ಬರೆಯೋಣ ಎಂದು ಕಾದೆ.

ಸುತ್ತಿನ ಮೊದಲ ವಾರ ಎಂದಿನ ಹಾಗೆಯೇ ನಡೆಯಿತು. ಬಾಗಿಲು ತಟ್ಟುವುದು, ತೆರೆದವರನ್ನು ಕೇಳುವುದು, ಬರೆದುಕೊಳ್ಳುವುದು, ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮನೆಯ ಸಂಖ್ಯೆ ಹಾಕಿ ಪಕ್ಕದಲ್ಲೊಂದು ಸರಿ ಗುರುತು. ಗುಂಡಿ ಅಂಗಡಿಯವನ ಮನೆಯಲ್ಲಿ ಅವನೇ ಬಾಗಿಲು ತೆರೆದ. ತನ್ನದೆಲ್ಲ ಹೇಳಿದ. ಹೆಂಡತಿಯ ವಿಷಯ ಕೇಳಿದರೆ, "ಅವಳಾ, ಮನೇಲೇ ಇರ್ತಾಳೆ, ಏನೂ ಮಾಡಲ್ಲ" ಅಂದ. ಒಳಗಿನಿಂದ ಪಾತ್ರೆ ಉಜ್ಜುವ ಸದ್ದು ಬರುತ್ತಲೇ ಇತ್ತು. ನಾನು ಮೂರನೇ ಕಾಲಂನಲ್ಲಿ ಗುರುತು ಹಾಕಿ, ಗೋಡೆಯ ಮೇಲೆ ಸರಿ ಗುರುತು ಎಳೆದು ಎದುರು ಸಾಲಿಗೆ ದಾಟಿದೆ.

ಅಲ್ಲಿಂದ ತಿರುಗಿ ನೋಡುತ್ತೇನೆ, ಒಬ್ಬಳು ಹೆಂಗಸು ಹೊರಗೆ ಬಂದು ಒದ್ದೆ ಅಂಗೈಯಿಂದ ನನ್ನ ಗುರುತನ್ನು ಅಳಿಸುತ್ತಿದ್ದಾಳೆ. ಸಂಖ್ಯೆಯನ್ನು ಮುಟ್ಟಲಿಲ್ಲ, ಸರಿ ಗುರುತನ್ನು ಮಾತ್ರ ಒರೆಸಿದಳು. ಹೋಗಿ ಕೇಳಿದೆ.

"ಯಾಕಮ್ಮ ಅಳಿಸಿದ್ರಿ?"

"ಮುಗಿದಿಲ್ಲ ಅಂತ."

"ನಿಮ್ಮ ಯಜಮಾನ್ರು ಎಲ್ಲಾ ಹೇಳಿದ್ರಲ್ಲ."

"ಅವರದ್ದು ಅವರು ಹೇಳಿದ್ರು. ನಾನು ಒಳಗೇ ಇದ್ನಲ್ಲ, ಒಂದು ಸಲ ಕರೆದಿದ್ರೆ ಬರ್ತಿದ್ದೆ."

ನನಗೆ ಸ್ವಲ್ಪ ಸಿಟ್ಟೇ ಬಂತು. ಇಪ್ಪತ್ತೆರಡು ವರ್ಷದ ಅನುಭವಕ್ಕೆ ಒದ್ದೆ ಕೈಯಿಂದ ಹೊಡೆದ ಹಾಗಾಗಿತ್ತು. "ಸರಿ, ಹೇಳಿ. ಹೋದ ವಾರ ಎಲ್ಲಾದ್ರೂ ಕೆಲಸ ಹುಡುಕಿದ್ರಾ?"

"ಇಲ್ಲ."

"ನಾನೂ ಅದನ್ನೇ ಬರೆದಿರೋದು."

"ಎರಡು ವರ್ಷ ಪ್ರತಿ ಸೋಮವಾರ ಕೌಂಟರ್‌ಗೆ ಹೋಗಿದ್ದೀನಿ. ಇಲ್ಲ ಅನ್ನಿಸಿಕೊಂಡು ಬರೋಕೆ ಎಷ್ಟು ಸಲ ಅಂತ ಬಸ್ ಹತ್ತಲಿ? ಹುಡುಕೋದು ಬಿಟ್ಟಿದ್ದೀನಿ ನಿಜ. ಬೇಡ ಅಂತ ಯಾವಾಗ ಅಂದೆ?"

ನಮ್ಮ ಫಾರಂನಲ್ಲಿ ಹದಿನಾರನೆಯ ಪ್ರಶ್ನೆಯವರೆಗೆ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹದಿನೇಳನೆಯದೊಂದಿದೆ: ಇವತ್ತು ಕೆಲಸ ಸಿಕ್ಕರೆ ಹೋಗುವಿರಾ? ನಾನು ಸೇರಿದ ವರ್ಷ ಅದರ ಕೆಳಗೆ ಹರಿದು ಕೊಡುವ ಚೀಟಿಯೂ ಇತ್ತು. ಹುಡುಕುತ್ತಿದ್ದೇವೆ, ಹೋಗುತ್ತೇವೆ ಎಂದವರ ಹೆಸರನ್ನು ಅದರಲ್ಲಿ ಬರೆದು ಕೌಂಟರಿಗೆ ಕಳಿಸುತ್ತಿದ್ದೆವು. ಆ ವರ್ಷ ನಮ್ಮ ಬೀದಿಯ ಹನ್ನೆರಡು ಜನಕ್ಕೆ ಹೊಸ ಬಟ್ಟೆ ಕಾರ್ಖಾನೆಯ ತರಬೇತಿಗೆ ಕರೆ ಬಂದದ್ದು ಆ ಚೀಟಿಯಿಂದಲೇ, ನಿಮಗೆ ನೆನಪಿರಬಹುದು. ಮರುವರ್ಷ ಚೀಟಿ ನಿಂತಿತು, ಪ್ರಶ್ನೆ ಉಳಿಯಿತು. ಅದರ ಉತ್ತರ ಯಾವ ಲೆಕ್ಕಕ್ಕೂ ಸೇರುವುದಿಲ್ಲವಾದ್ದರಿಂದ ನಾವೆಲ್ಲ ಅಲ್ಲಿ ಅಡ್ಡಗೆರೆ ಎಳೆಯುತ್ತ ಬಂದೆವು. ಹೊಸಬರಿಗೆ ನಾನೇ ಹಾಗೆ ಕಲಿಸಿದ್ದೇನೆ. ಮನೆಗೆ ಎರಡು ನಿಮಿಷ ಉಳಿಯುತ್ತದೆ ಎಂದು ಹೇಳಿಕೊಟ್ಟಿದ್ದೇನೆ.

ಅವತ್ತು, ಎಷ್ಟೋ ವರ್ಷದ ಮೇಲೆ, ಆ ಸಾಲನ್ನು ಬಾಯಿಬಿಟ್ಟು ಓದಿದೆ. "ಇವತ್ತು ಕೆಲಸ ಸಿಕ್ಕರೆ ಹೋಗ್ತೀರಾ?"

ಅವಳು ತನ್ನ ಬರಿಗಾಲು ನೋಡಿಕೊಂಡಳು. "ಚಪ್ಪಲಿ ಹಾಕ್ಕೊಳ್ಳೋಷ್ಟು ಟೈಮ್ ಕೊಡ್ತೀರಾ?"

ನಗಬೇಕು ಅನ್ನಿಸಿತು, ಆಗಲಿಲ್ಲ. ಹೌದು ಎಂದು ಬರೆದೆ. ಬರೆದದ್ದನ್ನು ಅವಳು ಬಗ್ಗಿ ನೋಡಿ, ತಾನೇ ಸೀಮೆಸುಣ್ಣ ಕೇಳಿ ತೆಗೆದುಕೊಂಡು ಗೋಡೆಯ ಮೇಲೆ ಸರಿ ಗುರುತು ಹಾಕಿದಳು. ನನಗಿಂತ ದುಂಡಗೆ ಹಾಕಿದಳು.

ಆ ಸಂಜೆ ಮನೆಯಲ್ಲಿ ಫಾರಂಗಳನ್ನು ಹರಡಿಕೊಂಡು ಕೂತೆ. ಅರವತ್ತನಾಲ್ಕು ಮನೆ, ಅರವತ್ತಮೂರು ಅಡ್ಡಗೆರೆ, ಒಂದು ಹೌದು. ಮಗಳು ಟೀ ತಂದಿಟ್ಟು, "ಏನಮ್ಮ, ಯಾರಾದ್ರೂ ಜಗಳ ಆಡಿದ್ರಾ?" ಅಂದಳು. "ಹೌದು, ಒಬ್ಬಳು ಅಳಿಸಿಬಿಟ್ಟಳು" ಅಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ಮರುದಿನದಿಂದ ಮತ್ತೆ ಮೊದಲ ಮನೆಯಿಂದ ಶುರು ಮಾಡಿದೆ. ಈ ಸಲ ಬಾಗಿಲಿಗೆ ಬಂದವರನ್ನು ಕೇಳಲಿಲ್ಲ. "ಒಳಗೆ ಬರಬಹುದಾ" ಎಂದು ಕೇಳಿ, ಹೆಂಗಸರಿದ್ದಲ್ಲಿಗೇ ಹೋದೆ. ಒಲೆಯ ಹತ್ತಿರ, ಬಟ್ಟೆ ಒಣಗಿಸುವ ಮಹಡಿಯಲ್ಲಿ, ಒಂದು ಮನೆಯಲ್ಲಂತೂ ಕಾಯಿಲೆಯ ಮಾವನಿಗೆ ಊಟ ಮಾಡಿಸುತ್ತಿದ್ದವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಬರೆದುಕೊಂಡೆ.

ಒಬ್ಬೊಬ್ಬರದ್ದು ಒಂದೊಂದು ಥರ. ಒಬ್ಬಳು ಹುಡುಗಿ ಓದಿನ ಪ್ರಮಾಣಪತ್ರಗಳನ್ನೆಲ್ಲ ದಿಂಬಿನ ಚೀಲದಲ್ಲಿಟ್ಟಿದ್ದಳು, ಒಂದೊಂದಾಗಿ ತೆಗೆದು ತೋರಿಸಿದಳು. ಇನ್ನೊಬ್ಬಳು ಉತ್ತರ ಹೇಳುವ ಮೊದಲು ಎದ್ದುಹೋಗಿ ಕೋಣೆಯ ಬಾಗಿಲು ಹಾಕಿ ಬಂದು, "ಹೌದು ಅಂತ ಬರ್ಕೊಳ್ಳಿ, ಆದ್ರೆ ಮೆಲ್ಲಗೆ" ಅಂದಳು. ಬರೆಯುವುದನ್ನು ಮೆಲ್ಲಗೆ ಬರೆಯುವುದು ಹೇಗೋ, ಬರೆದೆ. ನಿಮ್ಮ ಜೊತೆ ಗಿರಣಿಯಲ್ಲಿದ್ದ ದಪ್ಪ ಜಡೆಯಾಕೆ ಸಿಕ್ಕರು. ಜಡೆ ಈಗ ಬಿಳಿಯ ದಾರದಷ್ಟಾಗಿದೆ. "ಕೆಲಸನಾ? ಬೇಡ ತಾಯಿ. ನಲವತ್ತು ವರ್ಷ ದುಡಿದಿದ್ದೀನಿ. ಇಲ್ಲ ಅಂತ ಬರ್ಕೋ, ದೊಡ್ಡದಾಗಿ ಬರ್ಕೋ" ಅಂದರು. ಆ ಇಲ್ಲವನ್ನೂ ಸಂತೋಷದಿಂದಲೇ ಬರೆದೆ, ಕೇಳಿ ಬರೆದದ್ದಲ್ಲವಾ. ನೀವು ಹೇಗಿದ್ದೀರಿ ಎಂದು ವಿಚಾರಿಸಿದರು. ಹರಿದ ಎಳೆ ಸೇರಿಸುವುದರಲ್ಲಿ ನಿಮ್ಮ ಕೈಗೆ ಸಾಟಿ ಇರಲಿಲ್ಲವಂತೆ, ಗಂಟು ಎಲ್ಲಿದೆ ಎಂದು ಮೇಸ್ತ್ರಿಗೂ ಕಾಣುತ್ತಿರಲಿಲ್ಲವಂತೆ. ಅಂಥ ಕೈಗೆ ಆಮೇಲೆ ಕೆಲಸವೇ ಸಿಗಲಿಲ್ಲವಲ್ಲ ಎಂದು ಲೊಚಗುಟ್ಟಿದರು. ನಾನು ಫಾರಂ ನೋಡುತ್ತ ಕೂತಿದ್ದೆ.

ಕೊನೆಗೆ ಅರವತ್ತನಾಲ್ಕು ಮನೆಗಳಲ್ಲಿ ಮೂರನೇ ಕಾಲಂನ ಐವತ್ತೆಂಟು ಹೆಂಗಸರು. ಅವರಲ್ಲಿ ಹೋಗುತ್ತೇವೆ ಎಂದವರು ನಲವತ್ತೊಂದು.

ಮೇಲಧಿಕಾರಿಯ ಮೇಜಿನ ಮೇಲೆ ಕಟ್ಟು ಇಟ್ಟೆ. ಒಳ್ಳೆಯ ಹುಡುಗ ಅವರು, ನನಗೊಬ್ಬ ಮಗನಿದ್ದಿದ್ದರೆ ಅವನ ವಯಸ್ಸು ಅನ್ನಬಹುದು. ಪುಟ ತಿರುವಿ ನೋಡಿ ತಲೆ ಕೆರೆದುಕೊಂಡರು.

"ಅಮ್ಮ, ಇದರಿಂದ ರೇಟು ಬದಲಾಗಲ್ಲ. ಹುಡುಕಿಲ್ಲ ಅಂದ್ಮೇಲೆ ಅವರು ನಿರುದ್ಯೋಗಿಗಳೇ ಅಲ್ಲ."

"ಗೊತ್ತು ಸಾರ್. ರೇಟು ಮುಟ್ಟಬೇಡಿ. ಕೌಂಟರ್ ಮುಚ್ಚೋ ಕಾಗದ ಕಳಿಸ್ತೀರಲ್ಲ, ಅದರ ಕೆಳಗೆ ಈ ನಲವತ್ತೊಂದನ್ನೂ ಒಂದು ಸಾಲು ಬರೀರಿ."

"ಇಷ್ಟು ವರ್ಷ ಯಾಕೆ ಖಾಲಿ ಇತ್ತು ಅಂತ ಕೇಳಿದ್ರೆ?"

"ಎಣಿಸೋಳು ಸೋಮಾರಿ ಆಗಿದ್ಲು ಅನ್ನಿ. ಹೇಗೂ ಮನೆಗೆ ಹೋಗ್ತಿದ್ದೀನಿ."

ಅವರು ನಗಲಿಲ್ಲ. ಎರಡು ದಿನ ಇಟ್ಟುಕೊಂಡು, ಆಮೇಲೆ ಆ ಸಾಲು ಸೇರಿಸಿ ಕಳಿಸಿದರು. ಪುಣ್ಯಾತ್ಮ, ಉಳಿದ ಬೀದಿಗಳವರಿಗೂ ಹದಿನೇಳನ್ನು ಕೇಳಿಯೇ ಬರೆಯಬೇಕೆಂದು ಆದೇಶ ಹೊರಡಿಸಿದರು. ನನ್ನ ಜೊತೆಗಾರ್ತಿಯರು ನನ್ನನ್ನು ಶಪಿಸುತ್ತ ಮತ್ತೆ ಮೆಟ್ಟಿಲು ಹತ್ತಿದರು.

ಯಾರೂ ಎಣಿಸದೆ ಇದ್ದದ್ದು ಇನ್ನೊಂದು ನಡೆಯಿತು. ಮುಂದಿನ ಸೋಮವಾರ ಕೌಂಟರಿನಾಕೆ ಫೋನ್ ಮಾಡಿದರು. ವರ್ಷಗಟ್ಟಲೆ ಯಾರೂ ಬಾರದೆ ಅಲ್ಲಿ ಸ್ವೆಟರ್ ಹೆಣೆಯುತ್ತ ಕೂತಿರುತ್ತಿದ್ದರಲ್ಲ, ಅವರೇ. "ಏನ್ರೀ ಮಾಡಿದ್ರಿ ನೀವು? ಇಪ್ಪತ್ಮೂರು ಜನ ಬಂದಿದ್ದಾರೆ, ಕೂರಿಸೋಕೆ ಬೆಂಚಿಲ್ಲ. ಯಾಕ್ ಬಂದ್ರಿ ಅಂದ್ರೆ, ಮನೆಗೆ ಬಂದು ಕೇಳಿದ್ರು, ಅದಕ್ಕೆ ಅಂತಾರೆ." ಗುಂಡಿ ಅಂಗಡಿಯವನ ಹೆಂಡತಿ ಎಲ್ಲರಿಗಿಂತ ಮುಂದಿದ್ದಳಂತೆ, ಚಪ್ಪಲಿ ಹಾಕಿಕೊಂಡು.

ಕೌಂಟರ್ ಸೆಪ್ಟೆಂಬರ್‌ವರೆಗೆ ಉಳಿದಿದೆ, ಬಸ್ಸೂ ಅಲ್ಲಿಯವರೆಗೆ ಓಡುತ್ತದೆ. ಆಮೇಲಿನದ್ದು ಗೊತ್ತಿಲ್ಲ. ಅವರಿಗೆಲ್ಲ ಕೆಲಸ ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ, ಸಿಕ್ಕಿರುವುದು ಇಬ್ಬರಿಗೆ. ಉಳಿದವರು ಹುಡುಕುತ್ತಿದ್ದಾರೆ. ಹಾಗಾಗಿ ಮುಂದಿನ ಸುತ್ತಿನಲ್ಲಿ ಅವರೆಲ್ಲ ಎರಡನೇ ಕಾಲಂಗೆ ಬರುತ್ತಾರೆ. ಬೀಳ್ಕೊಡುಗೆಯ ದಿನ ಮೇಲಧಿಕಾರಿ ನಕ್ಷೆಯ ಮುಂದೆ ನಿಂತು, "ನಮ್ಮ ಗೆರೆ ಹತ್ತು ದಾಟುತ್ತೆ ಅಮ್ಮ, ಎಲ್ಲಾ ನಿಮ್ಮಿಂದ" ಅಂದರು. "ದಾಟಲಿ ಸಾರ್, ನಿಮ್ಮ ಹತ್ರ ಗೋಡೆ ಇದೆಯಲ್ಲ" ಅಂದೆ. ಎಲ್ಲರೂ ಸೇರಿ ನನಗೆ ಒಂದು ಡಜನ್ ಪೆನ್ಸಿಲ್ ಉಡುಗೊರೆ ಕೊಟ್ಟರು. ತಲೆಗೂದಲಲ್ಲಿ ಸಿಕ್ಕಿಸಿಕೊಳ್ಳಲು ಇನ್ನು ಹನ್ನೆರಡು ವರ್ಷಕ್ಕೆ ಸಾಕು.

ನಿಮ್ಮ ಮಗಳಿಗೆ ಏಳನೇ ತಿಂಗಳೆಂದು ಅಣ್ಣ ಹೇಳಿದ. ಭಾರ ಎತ್ತದಿರಲಿ, ಕೆಲಸ ಬಿಡುವ ಯೋಚನೆಯನ್ನೂ ಮಾಡದಿರಲಿ. ಹುಟ್ಟುವ ಕೂಸು ಹೆಣ್ಣೋ ಗಂಡೋ, ಗಟ್ಟಿಯಾಗಿ ಅಳುವಂಥದ್ದಾಗಲಿ, ಕೇಳಿದ್ದಕ್ಕೆ ತಾನೇ ಉತ್ತರ ಹೇಳುವಂಥದ್ದಾಗಲಿ ಎಂದು ಹಾರೈಸುತ್ತೇನೆ. ನಿಮ್ಮ ಕೈಗಳು ಚೆನ್ನಾಗಿರಲಿ ಅತ್ತಿಗೆ. ಅಣ್ಣನಿಗೂ ನಿಮಗೂ ನನ್ನ ನಮಸ್ಕಾರ.

ನಿಮ್ಮ ನಾದಿನಿ,
ಪೆನ್ಸಿಲ್

ಮರೆತ ಮಾತು: ಮರೆತದ್ದಲ್ಲ. ಇಡೀ ಕಾಗದ ಬರೆದದ್ದೇ ಇದನ್ನು ಬರೆಯುವ ಧೈರ್ಯಕ್ಕೆ.

ನಾನು ಕೆಲಸಕ್ಕೆ ಸೇರಿದ ಆ ಮೊದಲ ವರ್ಷ, ಪ್ರತಿ ಐದನೇ ಮನೆ ಎಂದು ಎಣಿಸುತ್ತ ಬರುವಾಗ ನಮ್ಮ ಮನೆಯೇ ಲೆಕ್ಕಕ್ಕೆ ಬಿತ್ತು. ಸ್ವಂತ ಮನೆ ಬಿದ್ದರೆ ಅದನ್ನು ಜೊತೆಯವರಿಗೆ ಬಿಟ್ಟುಕೊಡಬೇಕು ಎನ್ನುವುದು ನಿಯಮ. ನಾನು ಬಿಟ್ಟುಕೊಡಲಿಲ್ಲ. ಗಿರಣಿ ಮುಚ್ಚಿ ಏಳು ತಿಂಗಳಾಗಿತ್ತು, ಆ ಪ್ಲಾಸ್ಟಿಕ್ ಕವರ್ ಹಿಡಿದು ನೀವು ಹೋಗದ ಜಾಗವಿರಲಿಲ್ಲ. ನಾನು ಅಡುಗೆಕೋಣೆಯ ನೆಲದ ಮೇಲೆ ಕೂತು ಬರೆಯುತ್ತಿದ್ದೆ. ಗಂಡ ಬಿಟ್ಟುಹೋದ ಮೇಲೆ ನಾನು ಎತ್ತಿಕೊಂಡು ಬಂದಿದ್ದ ನನ್ನ ಮೂರು ವರ್ಷದ ಮಗಳು ನಿಮ್ಮ ಸೊಂಟದ ಮೇಲಿದ್ದಳು. "ನನ್ನ ಹೆಸರಿನ ಮುಂದೆ ಏನ್ ಬರೆದೆ?" ಅಂದಿರಿ. "ಹುಡುಕ್ತಿದ್ದಾರೆ ಅಂತ ಬರೆದೆ ಅತ್ತಿಗೆ" ಅಂದೆ. ಬರೆದದ್ದು ಮನೆಗೆಲಸ ಎಂದು. ಹದಿನೇಳರ ಮುಂದೆ ಅಡ್ಡಗೆರೆಯಲ್ಲ, ಇಲ್ಲ ಎಂದು ಬರೆದೆ. ಚೀಟಿಯನ್ನು ಹರಿದು ಒಲೆಗೆ ಹಾಕಿದೆ. ನೀವು ತರಬೇತಿಗೆ ಹೊರಟರೆ ಮಗುವನ್ನು ನೋಡುವವರಿರಲಿಲ್ಲ, ನನ್ನ ಕೆಲಸ ಹೋಗುತ್ತಿತ್ತು. ಒಂದನೇ ಕಾಲಂನಲ್ಲಿ ನಾನು ಉಳಿಯಲೆಂದು ನಿಮ್ಮನ್ನು ಮೂರನೆಯದಕ್ಕೆ ತಳ್ಳಿದೆ. ಬೀದಿಯ ಹನ್ನೆರಡು ಮನೆಗೆ ಕಾಗದ ಬಂತು. ನೀವು ಎರಡು ತಿಂಗಳು ಅಂಚೆಯವನ ಸೈಕಲ್ ಗಂಟೆಗೆ ಬಾಗಿಲಿಗೆ ಬಂದಿರಿ. ಆಮೇಲೆ, "ನನ್ನ ಹೆಸರು ಎಲ್ಲೋ ಕೆಳಗೆ ಬಿದ್ದಿರ್ಬೇಕು ಬಿಡು" ಎಂದು ನನಗೇ ಸಮಾಧಾನ ಹೇಳಿದಿರಿ. ನನ್ನ ಮಗಳು ನಿಮ್ಮ ಕೈಯಲ್ಲೇ ಬೆಳೆದಳು.

ಒಂದು ಫಾರಂ ಇದರ ಜೊತೆ ಇಟ್ಟಿದ್ದೇನೆ. ಹದಿನಾರರವರೆಗೆ ನಾನೇ ತುಂಬಿದ್ದೇನೆ, ಆ ವರ್ಷದ ತಾರೀಖು ಹಾಕಿ, ಈ ಸಲ ನಿಜ ಬರೆದು. ಹದಿನೇಳನೆಯದನ್ನು ನಿಮಗೆ ಬಿಟ್ಟಿದ್ದೇನೆ. ಉತ್ತರ ನನಗೆ ಗೊತ್ತು. ಆದರೂ ನಿಮ್ಮ ಕೈಯಲ್ಲೇ ಬರೆದು ಕಳಿಸಿ.